ಗೋಡೆಯಾಚೆ ಹೋದ ಬಾಣ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಮುಚ್ಚಿಡುವುದಕ್ಕೆ ಏನಿತ್ತು? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದವರೆಗೂ ಹೋಗಿ ವಾಪಸು ಬರುವವಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಹೊಡೆದುಕೊಂಡರೆ ಎತ್ತುವ ಮೊದಲೇ ಯಾರು ಹೋದರೋ ಎಂದು ಕಣ್ಣಲ್ಲಿ ನೀರು ತರಿಸಿಕೊಳ್ಳುವವಳು. ಕಟ್ಟಿಕೊಂಡ ಗಂಡ ಲಿಫ್ಟ್ ರಿಪೇರಿ ಮಾಡುವವನಾದರೂ ಅವಳು ಇವತ್ತಿನವರೆಗೆ ಲಿಫ್ಟ್ ಹತ್ತಿಲ್ಲ. "ಹಗ್ಗ ಕಂಡ್ರೆ ಹಾವು ಅನ್ನೋರನ್ನ ನೋಡಿದೀನಿ. ನಮ್ಮವಳು ಹಗ್ಗ ಮಾರೋ ಅಂಗಡಿ ಕಂಡ್ರೇ ರಸ್ತೆ ದಾಟ್ತಾಳೆ" ಎಂದು ಅವನು ನಗುತ್ತಿದ್ದ.

ಅವಳ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಒಂದೊಂದಾಗಿ ಕೂರಿಸಿ, ಉಜ್ಜಿ ನುಣುಪು ಮಾಡಿ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೂ ದೀಪದ ಕೆಳಗೆ ಕತ್ತು ಬಗ್ಗಿಸಿ ಗೇಣು ದೂರದ್ದನ್ನೇ ನೋಡಿ ನೋಡಿ ಕಣ್ಣು ಸೋತವು. ತಲೆ ಎತ್ತಿದರೆ ಬೀದಿಯೆಲ್ಲ ಮಂಜು ಮಂಜು. ಕುರುಡಿಯಾಗುವುದು ಖಂಡಿತ ಎಂದು ತೀರ್ಮಾನಿಸಿಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋದಳು.

"ಕಣ್ಣಿಗೇನೂ ಆಗಿಲ್ಲಮ್ಮ, ಹತ್ತಿರದ್ದನ್ನೇ ನೋಡಿ ನೋಡಿ ದಣಿದಿದಾವೆ ಅಷ್ಟೇ" ಎಂದಳು ಡಾಕ್ಟರಮ್ಮ. "ದೂರ ನೋಡೋ ಅಂಥದ್ದು ಏನಾದ್ರೂ ಹವ್ಯಾಸ ಇಟ್ಕೊಳ್ಳಿ."

ದೂರ ನೋಡುವಂಥದ್ದು ಅಂದರೆ ಏನು? ಬೆಟ್ಟ ಹತ್ತೋಣವೆಂದರೆ ಜಾರುವ ಭಯ. ಹಕ್ಕಿ ನೋಡೋಣವೆಂದರೆ ಪೊದೆ, ಪೊದೆಯೊಳಗೆ ಏನಿದೆಯೋ ಎಂಬ ಭಯ. ಆದರೆ ಅವಳು ಕೆಲಸಕ್ಕೆ ಹೋಗುವ ಬಸ್ಸು ಒಂದು ಮೈದಾನದ ಬದಿಗೆ ತಿರುಗುತ್ತಿತ್ತು. ಅಲ್ಲಿ ಕೆಲವು ದಿನ ಬೆಳಗ್ಗೆ ಜನ ಸಾಲಾಗಿ ನಿಂತು ಬಿಲ್ಲು ಎಳೆಯುತ್ತಿದ್ದರು. ಎರಡೂ ತುದಿ ಮುಂದಕ್ಕೆ ಬಾಗಿದ ಮರದ ಬಿಲ್ಲು, ಹೊಸ ಕಾಲದವುಗಳ ಹಾಗೆ ರಾಟೆ ಗೀಟೆ ಏನೂ ಇಲ್ಲದ್ದು. ಒಬ್ಬರೂ ತುಟಿ ಪಿಟಕ್ಕೆನ್ನದೆ ದೂರದ ಹುಲ್ಲಿನ ಗುರಿಯನ್ನೇ ನೋಡುತ್ತ ನಿಂತಿರುತ್ತಿದ್ದರು. ಅವರ ಆ ನಿಲುವು ಅವಳಿಗೆ ಹಿಡಿಸಿಬಿಟ್ಟಿತು.

ಹಿಡಿಸಿತು ಸರಿ, ಮೈದಾನದ ಗೇಟು ದಾಟುವವರು ಯಾರು? ಅಷ್ಟು ಜನರ ಮುಂದೆ ಕೈ ನಡುಗಿದರೆ? ಮೊದಲು ಬಿಲ್ಲು ಕೊಂಡು ಮನೆಯಲ್ಲೇ ಒಂದಿಷ್ಟು ಕಲಿತು, ಆಮೇಲೆ ಹೋದರೆ ಮರ್ಯಾದೆ ಉಳಿಯುತ್ತದೆ ಎಂದು ಅವಳಿಗೆ ತೋರಿತು. ಗಂಡನಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾನೆ.

ಹಳೇ ಆಟದ ಸಾಮಾನು ಮಾರುವ ಅಂಗಡಿಯವನು ಮಾತಿನಮಲ್ಲ. "ಯಾರಿಗೆ ಮೇಡಂ, ಮಕ್ಕಳಿಗಾ?"

"ಇಲ್ಲ. ನನಗೇ."

"ಓ! ಕಲಿತಿದೀರಾ?"

ಇಲ್ಲ ಎಂದರೆ ಏನಂದುಕೊಳ್ಳುತ್ತಾನೋ. "ಸ್ವಲ್ಪ" ಎಂದುಬಿಟ್ಟಳು.

"ಹಾಗಾದ್ರೆ ಮಕ್ಕಳಾಟದ್ದು ಯಾಕೆ? ಇದು ನೋಡಿ, ನಲವತ್ತೈದು ಪೌಂಡು. ಒಂದ್ಸಲ ತಗೊಂಡ್ರೆ ಸಾಯೋವರೆಗೂ ಚಿಂತೆ ಇಲ್ಲ."

ಇಡೀ ಮಾತಿನಲ್ಲಿ ಅವಳ ಕಿವಿಯಲ್ಲಿ ಉಳಿದದ್ದು ಸಾಯೋವರೆಗೂ ಎಂಬ ಒಂದೇ ಪದ. ನಲವತ್ತೈದು ಪೌಂಡು ಅಂದರೆ ಏನೆಂದು ಗೊತ್ತಿರಲಿಲ್ಲ. ಕೈಗೆ ತೆಗೆದುಕೊಂಡರೆ ಬಿಲ್ಲು ಹಗುರವಾಗಿಯೇ ಇತ್ತು. ಕೇಳಿದರೆ ತನ್ನ 'ಸ್ವಲ್ಪ'ದ ಬಣ್ಣ ಬಯಲಾಗುತ್ತದೆಂದು ಸುಮ್ಮನಾದಳು. ಅವನು ಬಿಲ್ಲನ್ನು ತೊಡೆಗೆ ಸಿಕ್ಕಿಸಿ ಬಗ್ಗಿಸಿ ಹೆದೆ ಏರಿಸಿಯೇ ಕೊಟ್ಟ. ಉದ್ದ ಗಿಡ್ಡ ಬೆರೆತ ಒಂದು ಹಿಡಿ ಬಾಣಗಳನ್ನು ರಬ್ಬರ್ ಹಾಕಿ ಕಟ್ಟಿದ. "ತೋಳಿಗೆ, ಬೆರಳಿಗೆ ಚರ್ಮದ್ದು ಏನೋ ಹಾಕ್ಕೋತಾರಲ್ಲ?" ಎಂದು ಅವಳು ಅಳುಕುತ್ತ ಕೇಳಿದ್ದಕ್ಕೆ, "ಅಯ್ಯೋ, ಅದೆಲ್ಲ ಶೋಕಿ ಮೇಡಂ" ಎಂದ. ಬೇಡ ಎನ್ನಲು ಅವಳ ನಾಲಗೆ ಏಳಲಿಲ್ಲ. ಅಂಗಡಿಯವರ ಮುಂದೆ ಅದು ಯಾವತ್ತೂ ಎದ್ದದ್ದಿಲ್ಲ.

ಬಾಣದ ಮೊನೆಗಳಿಗೆ ಟವೆಲು ಸುತ್ತಿಕೊಂಡು ಬಸ್ಸು ಹತ್ತಿದಳು. ಜನ ಅವಳಿಗೆ ಹೆದರಿ ಜಾಗ ಬಿಟ್ಟದ್ದು ಅದೇ ಮೊದಲು.

ಭಾನುವಾರ ಬೆಳಗ್ಗೆ ಗಂಡ ಯಾವುದೋ ಆಸ್ಪತ್ರೆಯ ಲಿಫ್ಟು ಕೆಟ್ಟಿದೆಯೆಂದು ಹೊರಟುಹೋದ. ಮನೆಯ ಹಿಂದೆ ಉದ್ದನೆಯ ಹಿತ್ತಿಲು, ಅದರ ಕೊನೆಗೆ ಎದೆಮಟ್ಟದ ಗೋಡೆ. ಹಳೇ ಹಾಸಿಗೆಯೊಂದನ್ನು ಎಳೆದು ತಂದು ಆ ಗೋಡೆಗೆ ಒರಗಿಸಿದಳು. ಬೆಕ್ಕನ್ನು ಒಳಗೆ ಕೂಡಿ ಬಾಗಿಲು ಹಾಕಿದಳು. ಬಾಣ ಕಲ್ಲಿಗೆ ಬಡಿದು ತಿರುಗಿ ಬಂದರೆ ಎಂದು ಗಂಡನ ಹೆಲ್ಮೆಟ್ಟನ್ನು ತಂದು ತಲೆಗೆ ಹಾಕಿಕೊಂಡಳು. ಹೆದರುವವರಿಗೆ ಇರುವ ಮುಂದಾಲೋಚನೆ ಧೈರ್ಯವಂತರಿಗೆ ಎಲ್ಲಿ! ಆದರೆ ಅವಳು ಯೋಚಿಸಿದ್ದೆಲ್ಲ ಗೋಡೆಯ ಈಚೆಗಿನದು.

ಬಾಣ ಹೂಡಿ ಹೆದೆ ಎಳೆದಳು. ಬರಲಿಲ್ಲ. ಬಾಗಿಲ ಅಗುಳಿ ಎಳೆದ ಹಾಗೆ ಜಗ್ಗಿದಳು. ಅರ್ಧಕ್ಕೆ ಬಂದು ನಿಂತಿತು. ಮೈಯ ಬಲವೆಲ್ಲ ಸೇರಿಸುವುದಕ್ಕೆಂದು ಬಿಲ್ಲು ಹಿಡಿದ ಕೈಯನ್ನು ಮೇಲಕ್ಕೆತ್ತಿ, ಆಕಾಶದಿಂದ ಕೆಳಗೆಳೆಯುವವಳಂತೆ ಎಳೆದಳು. ತೋಳು ಥರಥರ ನಡುಗಿತು. ಇನ್ನೂ ಎತ್ತಿದ ಕೈ ಇಳಿದಿರಲಿಲ್ಲ, ಹೆದೆ ಬೆರಳಿಂದ ಜಾರಿತು.

ಮೊದಲು ಗೊತ್ತಾದದ್ದು ಉರಿ. ಹೆದೆ ಮುಂಗೈಯ ಒಳಮೈಗೆ ಛಟೀರನೆ ಬಾರಿಸಿತ್ತು. ಕೈ ಹಿಸುಕಿಕೊಂಡು ಅಲ್ಲೇ ಕುಕ್ಕರಿಸಿದಳು. ಕಣ್ಣೀರು ಒರೆಸಿ ನೋಡಿದರೆ ಹಾಸಿಗೆಯಲ್ಲಿ ಬಾಣವಿಲ್ಲ. ನೆಲದಲ್ಲಿಲ್ಲ. ಬಕೆಟ್ಟಿನ ಹಿಂದೆ ಇಲ್ಲ. ಹುಡುಕುತ್ತ ಹುಡುಕುತ್ತ ಗೋಡೆಯ ಬುಡಕ್ಕೆ ಬಂದು ತಲೆ ಎತ್ತಿದಳು. ಗೋಡೆಯಾಚೆ ತಂತಿಗಳ ಮೇಲೆ ಬಿಳಿ ಬೆಡ್‌ಶೀಟುಗಳು ಸಾಲುಸಾಲಾಗಿ ಗಾಳಿಗೆ ಆಡುತ್ತಿದ್ದವು. ಅದು ಹಿಂದಿನ ಬೀದಿಯ ಲಾಂಡ್ರಿಯವಳ ಅಂಗಳ. ಮುಂದಿನ ಶೀಟಿನ ನಡುವೆ ಒಂದು ಸಣ್ಣ ತೂತು. ಬೆಳಕು ಅದರೊಳಗಿಂದ ಚುಕ್ಕಿಯಂತೆ ಕಾಣುತ್ತಿತ್ತು.

ಆ ಶೀಟುಗಳ ಹಿಂದೆ ಒಂದು ಬೆಂಚಿದೆ. ಲಾಂಡ್ರಿಯವಳ ಮುದಿ ತಾಯಿ ಒಗೆದ ಬಟ್ಟೆಗೆ ಹಕ್ಕಿ ಕೂರದಂತೆ ಕಾಯಲು ದಿನವೂ ಅಲ್ಲೇ ಕೂರುತ್ತಾಳೆ. ಕೂತಷ್ಟು ಹೊತ್ತೂ ಮೂಗಿನಲ್ಲಿ ಏನೋ ಗುನುಗುತ್ತಿರುತ್ತಾಳೆ. ಬೆಳಗ್ಗೆ ಹಾಸಿಗೆ ಎಳೆಯುವಾಗಲೂ ಆ ಗುನುಗು ಕೇಳುತ್ತಿತ್ತು.

ಈಗ ಕೇಳುತ್ತಿಲ್ಲ.

"ಅಜ್ಜೀ" ಎಂದು ಕೂಗಿದಳು. ಮತ್ತೆ ಕೂಗಿದಳು. ಶೀಟುಗಳು ಪಟಪಟ ಅಂದವು, ಅಷ್ಟೇ. ಗೋಡೆ ಹತ್ತಲು ನೋಡಿದಳು, ಆಗಲಿಲ್ಲ. ಮನೆಯೊಳಗಿಂದ ಓಡಿ, ಬೀದಿಗೆ ಬಂದು, ಮೂಲೆ ತಿರುಗಿ ಲಾಂಡ್ರಿಯ ಗೇಟಿನತ್ತ ಓಡಿದಳು. ತಲೆಯ ಮೇಲೆ ಹೆಲ್ಮೆಟ್ಟು ಇದ್ದದ್ದೂ ನೆನಪಿಲ್ಲ. ಎದುರಿಗೆ ಬಂದವರು ಏನಾಯ್ತು ಏನಾಯ್ತು ಎಂದು ಕೇಳಿದರು. ಅವಳಿಗೆ ಕಾಣುತ್ತಿದ್ದದ್ದು ಒಂದೇ: ಬಿಳಿ ಬಟ್ಟೆಯ ಮೇಲೆ ಹರಡುತ್ತಿರುವ ಕೆಂಪು. ಇಷ್ಟು ವರ್ಷ ಆಗದ್ದಕ್ಕೆಲ್ಲ ಹೆದರಿ ಸತ್ತಿದ್ದಳು, ಈಗ ಆಗಿಯೇ ಹೋಯಿತು, ಅದೂ ತನ್ನ ಕೈಯಿಂದಲೇ.

ಒದ್ದೆ ಶೀಟುಗಳನ್ನು ಮುಖದಿಂದ ಸರಿಸುತ್ತ, ಒಂದು ಸಾಲು, ಇನ್ನೊಂದು ಸಾಲು ದಾಟಿದಳು. ಬೆಂಚಿನ ಮೇಲೆ ಅಜ್ಜಿ ಕೂತಿದ್ದಳು. ಕಣ್ಣು ತೆರೆದೇ ಇತ್ತು. ಅಲುಗಾಟವಿಲ್ಲ. ಅವಳ ತೊಡೆಗೆ ಒತ್ತಿಕೊಂಡಂತೆ ಬಾಣ ಬೆಂಚಿನ ಹಲಗೆಗೆ ನಾಟಿ ನಿಂತಿತ್ತು. ಶಾಲಿನ ಅಂಚೊಂದು ಅದರ ಕೆಳಗೆ ಸಿಕ್ಕಿಕೊಂಡಿತ್ತು.

ಪುಕ್ಕಲಕ್ಕ ಮಂಡಿಯೂರಿ ಅಜ್ಜಿಯ ಕೈ ಹಿಡಿದಳು. ಕೈ ಬೆಚ್ಚಗಿತ್ತು. ಬೆರಳುಗಳು ಮೆಲ್ಲಗೆ ಅವಳ ಬೆರಳನ್ನು ಬಿಗಿದವು.

"ಅಲುಗಾಡ್ಲಾ?" ಎಂದು ಅಜ್ಜಿ ಪಿಸುಗುಟ್ಟಿದಳು. "ಅಲುಗಾಡಿದ್ರೆ ಇನ್ನೊಂದು ಬರುತ್ತಾ?"

"ಇಲ್ಲಜ್ಜಿ. ಬರಲ್ಲ. ಬರಲ್ಲಜ್ಜಿ." ಅಷ್ಟಕ್ಕೆ ಪುಕ್ಕಲಕ್ಕನ ಅಳು ಕಟ್ಟೆಯೊಡೆಯಿತು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಡುಗುತ್ತ ಕೂತರು.

ಆಗ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಲಾಂಡ್ರಿಯವಳು ಬಂದಳು. ಗಟ್ಟಿ ಹೆಂಗಸು, ಒದ್ದೆ ಬಟ್ಟೆ ಹಿಂಡಿ ಹಿಂಡಿ ಅವಳ ಮಣಿಕಟ್ಟು ಸೌದೆಯಂತೆ ಬಲಿತಿತ್ತು. "ಏನಿದು? ಇದೆಲ್ಲಿಂದ ಬಂತು?" ಎಂದಳು.

"ಮೇಲಿಂದ ಬಿತ್ತು ಕಣೇ" ಎಂದಳು ಅಜ್ಜಿ. "ಆಕಾಶದಿಂದ. ಈ ಹುಡುಗಿ ಪಾಪ ಓಡಿ ಬಂತು."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಯಾರೂ ನೋಡಿಲ್ಲ ಎಂಬ ಯೋಚನೆ ಪುಕ್ಕಲಕ್ಕನಿಗೆ ಬಾರದೆ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಪೊಲೀಸಿಲ್ಲ, ಬೀದಿಯಲ್ಲಿ ತಲೆ ತಗ್ಗಿಸಬೇಕಿಲ್ಲ. ಆದರೆ ಮುಚ್ಚಿಟ್ಟರೆ ಇನ್ನು ಜೀವನವಿಡೀ ಗೇಟು ಸದ್ದಾದಾಗಲೆಲ್ಲ ಗೊತ್ತಾಯಿತೇನೋ ಎಂದು ಬೆಚ್ಚಬೇಕು. ಇರುವ ಭಯವನ್ನೇ ಹೊರಲಾರದವಳು ಇದನ್ನೆಲ್ಲಿ ಹೊರುತ್ತಾಳೆ?

"ಅದು ನಂದು, ಅಕ್ಕ. ನಾನು ಬಿಟ್ಟದ್ದು. ಕೈ ಜಾರಿತು."

ಲಾಂಡ್ರಿಯವಳು ಬುಟ್ಟಿ ಕೆಳಗಿಟ್ಟಳು. ಹೊಡೆಯುತ್ತಾಳೆಂದು ಪುಕ್ಕಲಕ್ಕ ಕಣ್ಣು ಮುಚ್ಚಿದಳು. ಹೊಡೆತ ಬರಲಿಲ್ಲ, ಬೈಗುಳ ಬಂತು. ಹಲ್ಲಿನವಳೇ, ನಿನ್ನ ಕಣ್ಣೇನು ಹಿತ್ತಿಲಲ್ಲಿ ಬಿಟ್ಟಿದ್ಯಾ, ನಮ್ಮಮ್ಮನ ಉಸಿರು ನಿನಗೆ ಆಟದ ಸಾಮಾನಾ? ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಬೈದು ಬೈದು ಉಸಿರು ಸೋತಾಗ ತಾಯಿಯ ಪಕ್ಕ ಕೂತು, ಶಾಲನ್ನು ಬಾಣದಿಂದ ಬಿಡಿಸಿ, ಮುದುಕಿಯ ತೊಡೆ, ಮಂಡಿ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಸಂಜೆ ಗಂಡನಿಗೆ ಹೇಳಿದಳು. ಅವನು ನಗಲಿಲ್ಲ. ಹೆದೆಯ ಬರೆ ಎದ್ದ ಅವಳ ತೋಳಿಗೆ ಎಣ್ಣೆ ಸವರಿದ. ಅವಳಿಗೆ ಅದೇ ಹೆಚ್ಚು ಭಯವಾಯಿತು.

ಬಿಲ್ಲನ್ನು ಬಿಸಾಕಬೇಕು ಎಂದು ಕಸದ ತೊಟ್ಟಿಯವರೆಗೆ ಹೋದಳು. ಯಾವುದಾದರೂ ಮಗು ಎತ್ತಿಕೊಂಡರೆ? ವಾಪಸು ತಂದಳು. ಮುರಿಯೋಣವೆಂದರೆ ಮುರಿಯಲಿಲ್ಲ. ಅಟ್ಟಕ್ಕೆ ಎಸೆದರೆ ಅಟ್ಟದಲ್ಲಿದೆ ಎಂಬ ನೆನಪಿಗೆ ನಿದ್ದೆ ಬರಲಿಲ್ಲ. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ಲಾಂಡ್ರಿಯವಳೇ ಗೇಟಿನ ಹತ್ತಿರ ಬಂದು ನಿಂತಳು.

"ಅದಿನ್ನೂ ನಿನ್ನ ಮನೇಲೇ ಇದ್ಯಾ?"

"ಏನು ಮಾಡ್ಲಿ ಗೊತ್ತಾಗ್ತಿಲ್ಲ ಅಕ್ಕ. ಮೈದಾನದಲ್ಲಿ ಕಲಿಸೋರಿಗೆ ಕೊಟ್ಟುಬಿಡೋಣ ಅಂತಿದೀನಿ."

"ನಡಿ, ನಾನೂ ಬರ್ತೀನಿ. ಒಬ್ಬಳೇ ಹೋದ್ರೆ ಹೆದರಿ ಬಸ್ ಸೀಟಿನ ಕೆಳಗೆ ಬಿಟ್ಟು ಬರೋಳು ನೀನು."

ಹಾಗೆ ಪುಕ್ಕಲಕ್ಕ ಆ ಮೈದಾನದ ಗೇಟು ದಾಟಿದಳು. ಹಿಂದಿನಿಂದ ಲಾಂಡ್ರಿಯವಳು ಪೊಲೀಸಿನ ಹಾಗೆ ಬರುತ್ತಿದ್ದಳು.

ಕಲಿಸುವ ಮೇಷ್ಟ್ರು ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಬಿಲ್ಲನ್ನು ಕೈಗೆ ಕೊಟ್ಟ ಕೂಡಲೇ ಅವನ ಮುಖ ಬದಲಾಯಿತು. ಉದ್ದನೆಯ ಹುರಿಯೊಂದನ್ನು ಎರಡೂ ತುದಿಗೆ ತೊಡಿಸಿ, ಕಾಲಲ್ಲಿ ಮೆಟ್ಟಿ, ನಿಧಾನವಾಗಿ ಹೆದೆ ಇಳಿಸಿದ. ಬಿಲ್ಲನ್ನು ಬೆಳಕಿಗೆ ಹಿಡಿದು, "ಇಲ್ಲಿ ನೋಡಿ" ಎಂದ. ಮೇಲಿನ ತುದಿಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಸೀಳು. "ಎಷ್ಟು ಸಲ ಎಳೆದ್ರಿ?"

"ಒಂದೇ ಸಲ."

"ಒಳ್ಳೇದಾಯ್ತು. ಇದು ಒಡೆಯೋವಾಗ ಮುಖದ ಹತ್ತಿರಾನೇ ಒಡೆಯೋದು."

ಪುಕ್ಕಲಕ್ಕನ ಕೈ ತಾನಾಗಿ ಕೆನ್ನೆಗೆ ಹೋಯಿತು. ಹೆಲ್ಮೆಟ್ಟಿಗೆ ಮುಂದೆ ಗಾಜಿರಲಿಲ್ಲ.

"ನಲವತ್ತೈದು ಪೌಂಡು ಅಂದ್ರೆ ಬಿಲ್ಲಿನ ತೂಕ ಅಲ್ಲಮ್ಮ, ಎಳೆಯೋಕೆ ಬೇಕಾದ ಬಲ" ಎಂದ ಮೇಷ್ಟ್ರು. "ಪಳಗಿದ ಗಂಡಸರೇ ಬೆವರ್ತಾರೆ. ಹೊಸಬರಿಗೆ ಹದಿನೆಂಟು, ಇಪ್ಪತ್ತು ಸಾಕು. ಭಾರದ್ದು ತಗೊಂಡ್ರೆ ಕೈ ಮೇಲಕ್ಕೆತ್ತಿ ಎಳೀತಾರೆ, ಬೆರಳು ಜಾರುತ್ತೆ, ಬಾಣ ಎಲ್ಲಿಗೆ ಹೋಯ್ತು ಅಂತ ದೇವರಿಗೇ ಗೊತ್ತು."

"ನಮ್ಮ ಅಂಗಳಕ್ಕೆ ಹೋಯ್ತು" ಎಂದಳು ಲಾಂಡ್ರಿಯವಳು.

ಕತೆ ಕೇಳಿ ಮೇಷ್ಟ್ರು ಮೀಸೆ ಸವರಿಕೊಂಡ. ಬೈಯಲಿಲ್ಲ. ಬಿಲ್ಲನ್ನು ಗರಗಸದಲ್ಲಿ ಎರಡು ತುಂಡು ಮಾಡಿಸುತ್ತೇನೆಂದ. ಪುಕ್ಕಲಕ್ಕ ಹಗುರಾಗಿ ತಿರುಗಿ ಹೊರಟಳು. ಅಷ್ಟರಲ್ಲಿ ಲಾಂಡ್ರಿಯವಳು ಅವಳ ತೋಳು ಹಿಡಿದು ನಿಲ್ಲಿಸಿದಳು. "ಇವಳಿಗೆ ಕಲಿಸಿ ಮೇಷ್ಟ್ರೇ. ಇಷ್ಟು ದಿನ ಗೋಡೆ ಪಕ್ಕದಲ್ಲಿ ಹೆದರೋಳು ಒಬ್ಬಳಿದ್ಲು. ಈಗ ನಮ್ಮಮ್ಮ ಸೇರಿ ಇಬ್ಬರಾದ್ರು. ಇವಳು ಸರಿಯಾಗಿ ಕಲೀತಿದಾಳೆ ಅಂತ ಹೇಳಿದ್ರೆ ಅಮ್ಮ ಬೆಂಚಿಗೆ ಬಂದು ಕೂರ್ತಾಳೇನೋ. ಈಗ ಅಂಗಳಕ್ಕೇ ಬರ್ತಿಲ್ಲ."

ಅದು ಪುಕ್ಕಲಕ್ಕನಿಗೆ ಗೊತ್ತಿರಲಿಲ್ಲ. ಎದೆಗೆ ಕಲ್ಲು ಇಟ್ಟಂತಾಯಿತು. ಬೇಡ ಎನ್ನಲು ಮತ್ತೆ ನಾಲಗೆ ಏಳಲಿಲ್ಲ.

ಮೇಷ್ಟ್ರು ಮೊದಲು ಅವಳ ಕಣ್ಣು ನೋಡಿದ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಕಂಬ ನೋಡಿ ಎಂದ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದ. ಎಡಗಣ್ಣು ಮುಚ್ಚಿದರೆ ಕಂಬ ಮಾಯ. "ನೀವು ಬಲಗೈಯವರು, ಆದ್ರೆ ಗುರಿ ಹಿಡಿಯೋದು ಎಡಗಣ್ಣು. ನಿಮಗೆ ಎಡಗೈಯವರ ಬಿಲ್ಲು ಬೇಕು, ಬಲಗೈಲಿ ಹಿಡಿದು ಎಡಗೈಲಿ ಎಳೆಯೋದು." ಬಾಹು ಚಾಚಿಸಿ ಅಳತೆ ತೆಗೆದ. ಬಾಣ ಹೊಸಬರಿಗೆ ಅಳತೆಗಿಂತ ಉದ್ದವೇ ಇರಬೇಕೆಂದ. ಗಿಡ್ಡವಾದರೆ ಪೂರ್ತಿ ಎಳೆದಾಗ ಮೊನೆ ಬಿಲ್ಲಿನಿಂದ ಹಿಂದಕ್ಕೆ ಜಾರಿ ಕೈಗೇ ಹೊಕ್ಕೀತು. ತಾನು ತಂದ ಕಟ್ಟಿನಲ್ಲಿದ್ದ ಗಿಡ್ಡ ಬಾಣಗಳನ್ನು ನೆನೆದು ಅವಳು ಅಂಗೈ ಮಡಚಿಕೊಂಡಳು. ತೋಳಿಗೆ ಚರ್ಮದ ಪಟ್ಟಿ, ಬೆರಳಿಗೆ ಚರ್ಮದ ತುಂಡು. "ಇದು ಶೋಕಿ ಅಲ್ವಾ?" ಎಂದು ಕೇಳಿದಳು. ಅವನು ಅವಳ ತೋಳಿನ ಹಸಿರುಗಟ್ಟಿದ ಬರೆಯನ್ನು ತೋರಿಸಿದ, ಅಷ್ಟೇ. "ಯಾವುದನ್ನೂ ಈಗಲೇ ಕೊಳ್ಳಬೇಡಿ. ಮೈದಾನದ್ದೇ ಬಳಸಿ. ಕೈ ಏನು ಕೇಳುತ್ತೆ ಅಂತ ಗೊತ್ತಾದ ಮೇಲೆ ಕೊಳ್ಳೋರಂತೆ."

ಹುಲ್ಲಿನ ಗುರಿ ಕೈಚಾಚಿದರೆ ಸಿಕ್ಕೀತು ಎನ್ನುವಷ್ಟು ಹತ್ತಿರ. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಹಗುರವಾದ ಬಿಲ್ಲು ಸಲೀಸಾಗಿ ಬಂತು. ಆದರೆ ಗಲ್ಲದವರೆಗೆ ಎಳೆದ ಕೂಡಲೇ ಅವಳಿಗೆ ಗುರಿಯ ಜಾಗದಲ್ಲಿ ಬಿಳಿ ಶೀಟು ಕಂಡಿತು, ಅದರ ಹಿಂದೆ ಬೆಂಚು. ಬೆರಳು ಬಿಡಲಿಲ್ಲ. ತೋಳು ನಡುಗತೊಡಗಿತು.

"ಬಿಡಲಾರೆ ಮೇಷ್ಟ್ರೇ. ಏನ್ಮಾಡ್ಲಿ? ಜಾರುತ್ತೆ!"

"ಬಿಡಬೇಡಿ. ಎಳೆದ ಹಾಗೇ ವಾಪಸು ತಗೊಂಡು ಹೋಗಿ. ನಿಧಾನ. ಹೆದೆ ಜೊತೇಲೇ ಕೈ ಹೋಗ್ಲಿ."

ಹೆದೆ ತನ್ನ ಜಾಗಕ್ಕೆ ಬಂದು ನಿಂತಿತು. ಬಾಣ ಅಲ್ಲೇ ಇತ್ತು. ಎಳೆದದ್ದನ್ನು ಬಿಡದೆಯೂ ಇಳಿಸಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ದಿನ ಅವಳು ಮಾಡಿದ್ದು ಅದೊಂದನ್ನೇ. ಎಳೆಯುವುದು, ಇಳಿಸುವುದು. ಮುಂದಿನ ವಾರವೂ ಅದೇ. ಪಕ್ಕದವರ ಬಾಣ ಹುಲ್ಲಿಗೆ ಬಡಿದ ಸದ್ದಿಗೆಲ್ಲ ಬೆಚ್ಚಿಬೀಳುತ್ತಿದ್ದಳು. ಬೇಲಿಯ ಹತ್ತಿರ ಕೂತು ನೋಡುತ್ತಿದ್ದ ಲಾಂಡ್ರಿಯವಳು, "ಮದುವೆಗೆ ಬಂದು ಊಟ ಮಾಡದೆ ಹೋಗೋರ ಥರ ಆಯ್ತಲ್ಲೇ" ಎಂದು ರೇಗಿಸುತ್ತಿದ್ದಳು.

ಕೊನೆಗೊಂದು ದಿನ ಮೋಡ ಮುಚ್ಚಿದ ಬೆಳಗ್ಗೆ ಎಳೆದವಳು ದಿಬ್ಬವನ್ನು ನೋಡಿದಳು. ದಿಬ್ಬದ ಹಿಂದೆ ಏನಿದೆ ಎಂದು ಅವತ್ತಿಗಾಗಲೇ ಹಲವು ಸಲ ಹೋಗಿ ಕಣ್ಣಾರೆ ಕಂಡು ಬಂದಿದ್ದಳು: ಖಾಲಿ ಜಾಗ, ತಂತಿ ಬೇಲಿ, ಬೀಗ ಹಾಕಿದ ಗೇಟು. ಬೆರಳು ಸಡಿಲವಾಯಿತು. ಧಪ್ ಎಂದಿತು. ಬಾಣ ಹುಲ್ಲಿನಲ್ಲಿತ್ತು. ಅವಳು ಸಂತೋಷಪಡುವ ಮೊದಲೇ ನೆಲದ ಮೇಲೆ ಕೂತುಬಿಟ್ಟಳು.

ಎಷ್ಟೋ ತಿಂಗಳ ಮೇಲೆ ಸ್ವಂತ ಬಿಲ್ಲು ಕೊಳ್ಳಲು ಬಿಲ್ಲುಬಾಣದ್ದೇ ಅಂಗಡಿಗೆ ಹೋದಳು. ಗಂಡನೂ ಜೊತೆಗೆ ಬಂದಿದ್ದ. ಮೂರು ಭಾಗವಾಗಿ ಬಿಚ್ಚುವ ಮರದ ಬಿಲ್ಲು, ನಡುವಿನ ಹಿಡಿ ಅವಳ ಅಂಗೈಗೆ ಕೂರುವಂಥದ್ದು, ಹಿಡಿಯ ಮೇಲೆ ಕೆಳಗೆ ಸಿಕ್ಕಿಸುವ ಹದಿನೆಂಟು ಪೌಂಡಿನ ತೋಳುಗಳು. ಕೈ ಬಲಿತ ಮೇಲೆ ತೋಳುಗಳನ್ನಷ್ಟೇ ಬದಲಾಯಿಸಬಹುದು. ಅಂಗಡಿಯ ಹೆಂಗಸು, "ಮೂವತ್ತರದ್ದು ತಗೊಳ್ಳಿ, ಇದು ಬೇಗ ಬೇಜಾರಾಗುತ್ತೆ" ಎಂದಳು. ಪುಕ್ಕಲಕ್ಕ ಬಿಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗಂಡನ ಮುಖ ನೋಡಿದಳು. ಅವನು ಬೇಕೆಂದೇ ಛಾವಣಿಯ ಕಡೆ ನೋಡುತ್ತಿದ್ದ.

"ಬೇಡ" ಎಂದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಎಂದಳು.

ಹೊಸ ಬಿಲ್ಲಿನೊಂದಿಗೆ ಮೊದಲ ದಿನ ಬೇರೆಯವರ ಸಾಲಿನಲ್ಲೇ, ದೂರದ ಗುರಿಗೆ ನಿಂತಳು. ಲಾಂಡ್ರಿಯವಳು ಅವತ್ತು ತಾಯಿಯನ್ನೂ ಕರೆತಂದಿದ್ದಳು. ಅಜ್ಜಿ ಬೇಲಿಯ ಆಚೆ, ಎಲ್ಲರಿಗಿಂತ ಹಿಂದೆ, ಮಗಳ ತೋಳು ಹಿಡಿದು ನಿಂತಿದ್ದಳು. ಒಂದೊಂದು ಬಾಣ ಹೋದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಆದರೆ ಹೊರಟುಹೋಗಲಿಲ್ಲ. ಪುಕ್ಕಲಕ್ಕನ ಬಾಣಗಳಲ್ಲಿ ಎರಡು ಹುಲ್ಲಿಗೆ, ಉಳಿದವು ದಿಬ್ಬಕ್ಕೆ.

ಮೇಷ್ಟ್ರು ಸೀಟಿ ಊದಿದ. ಎಲ್ಲರೂ ಬಿಲ್ಲು ಇಳಿಸಿ ಬಾಣ ತರಲು ಹೊರಟರು. ಪುಕ್ಕಲಕ್ಕ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಬೆನ್ನು ಜುಮ್ಮೆಂದಿತು. ಇಷ್ಟು ದಿನ ಗುರಿ ಕಾಲಬುಡದಲ್ಲೇ ಇತ್ತು. ಇಷ್ಟು ದೂರ, ಬಿಲ್ಲುಗಳ ಸಾಲಿಗೆ ಬೆನ್ನು ಹಾಕಿ ನಡೆಯುವುದು ಇದೇ ಮೊದಲು. ತಿರುಗಿ ನೋಡಿದಳು.

"ಯಾರ ಕೈಲೂ ಬಿಲ್ಲಿಲ್ಲಮ್ಮ, ಹೋಗಿ" ಎಂದ ಮೇಷ್ಟ್ರು.

ಅವಳು ನಂಬಿಕೆ ಸಾಲದೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಬಿಲ್ಲುಗಳೆಲ್ಲ ಗೂಟಕ್ಕೆ ನೇತುಬಿದ್ದಿದ್ದವು. ಬೇಲಿಯಾಚೆಯಿಂದ ಅಜ್ಜಿಯೂ ಆ ಗೂಟಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ನೋಡಿ ಮುಗಿಸಿ, ಪುಕ್ಕಲಕ್ಕನಿಗೆ ಹೋಗು ಎಂಬಂತೆ ಕೈಯಾಡಿಸಿದಳು. ಪುಕ್ಕಲಕ್ಕ ಹೆಗಲು ಬಿಗಿಹಿಡಿದು, ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ, ಬಾಣ ತರಲು ಹೋದಳು.